ಹಲ್ಲು ಕಡಿಮೆ ಇದ್ದಷ್ಟೂ ಒಳ್ಳೆಯದು

ನಿವೃತ್ತರಾದ ಗಂಡಸರಲ್ಲಿ ಎರಡು ಜಾತಿ. ಬೆಳಗಾದರೆ ಪಾರ್ಕಿಗೆ ಹೋಗಿ ದೇಶವನ್ನು ಸರಿಪಡಿಸುವವರು ಒಂದು, ಮನೆಯಲ್ಲೇ ಉಳಿದು ಏನನ್ನಾದರೂ ಕತ್ತರಿಸುವವರು ಇನ್ನೊಂದು. ನಾನು ಎರಡನೆಯ ಜಾತಿಗೆ ಸೇರಿದವನು. ನಮ್ಮ ಮನೆಯಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಬ್ಯಾಂಡ್‌ಸಾ ನಿಂತಿದೆ. ಕಾರು ಬೀದಿಯಲ್ಲಿ ನಿಂತು, ಎದುರು ಮನೆಯ ಹೊಂಗೆ ಮರದ ಹಕ್ಕಿಗಳಿಗೆ ಉಪಯೋಗವಾಗುತ್ತಿದೆ.

ಬ್ಯಾಂಡ್‌ಸಾ ಎಂದರೆ ಮೇಲೊಂದು ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಸುತ್ತುವ, ತುದಿ ಮೊದಲಿಲ್ಲದ ಒಂದು ಉಕ್ಕಿನ ಪಟ್ಟಿ. ಆ ಪಟ್ಟಿಗೆ ಹಲ್ಲು. ಅಷ್ಟೇ ಯಂತ್ರ. ಹಿಂದೆ ಹಲಗೆ ಬೇಕೆಂದರೆ ದಿಮ್ಮಿಯನ್ನು ಅಟ್ಟಣೆಗೆ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ದಿನವಿಡೀ ಗರಗಸ ಎಳೆಯುತ್ತಿದ್ದರು. ಕೆಳಗಿದ್ದವನ ಕಣ್ಣಿಗೇ ಹೊಟ್ಟೆಲ್ಲ ಬೀಳುತ್ತಿತ್ತು. ಈಗ ಆ ಇಬ್ಬರ ಕೆಲಸವನ್ನೂ ಕೆಳಗಿನವನ ಕೆಮ್ಮನ್ನೂ ನಾನೊಬ್ಬನೇ ವಹಿಸಿಕೊಂಡಿದ್ದೇನೆ.

ಹಳೆಯ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಒಂದು ಹಲಸಿನ ತೊಲೆ ಸಿಕ್ಕಿತ್ತು. ಆರಿಂಚು ಅಗಲ, ಕಬ್ಬಿಣದಂಥ ಒಣಗು. ಅದನ್ನು ಉದ್ದಕ್ಕೆ ಸೀಳಿ ಕಾಲಿಂಚಿನ ಹಲಗೆ ಮಾಡಬೇಕು ಎಂದುಕೊಂಡಾಗಲೇ ಇದ್ದ ಬ್ಲೇಡು ಕೈಕೊಟ್ಟಿತು. ಬ್ಲೇಡು ಮೊಂಡಾದದ್ದು ಮೊದಲು ಮೂಗಿಗೆ ತಿಳಿಯುತ್ತದೆ, ಮರ ಸುಟ್ಟ ವಾಸನೆ. ಆಮೇಲೆ ತೋಳಿಗೆ, ಎಷ್ಟು ತಳ್ಳಿದರೂ ಮರ ಮುಂದಕ್ಕೆ ಹೋಗುವುದಿಲ್ಲ. ಕೊನೆಗೆ ಕಣ್ಣಿಗೆ, ಪಟ್ಟಿ ಮರದೊಳಗೇ ಬಳುಕಿ ಹಲಗೆಗೆ ಹೊಟ್ಟೆ ಬಂದಿರುತ್ತದೆ. ನಡುವೆ ಅರ್ಧ ಇಂಚು, ಅಂಚಿನಲ್ಲಿ ಹಪ್ಪಳ.

ಹೊಸ ಬ್ಲೇಡು ತರಬೇಕು ಅಂದೆ. ತರಕಾರಿ ತಂದ ಹಾಗೆ ತರಬಹುದು ಅಂದುಕೊಂಡವರು ಎಸ್.ಜೆ.ಪಿ. ರಸ್ತೆಯ ಅಂಗಡಿಯ ಮುಂದೆ ನಿಂತು ನೋಡಬೇಕು. ಹುಡುಗ ಒಂದೇ ಉಸಿರಿನಲ್ಲಿ ಕೇಳುತ್ತಾನೆ: ಉದ್ದ ಎಷ್ಟು, ಅಗಲ ಎಷ್ಟು, ದಪ್ಪ ಎಷ್ಟು, ಇಂಚಿಗೆ ಹಲ್ಲೆಷ್ಟು, ಕಾರ್ಬನ್ನಾ, ಬೈಮೆಟಲ್ಲಾ, ಕಾರ್ಬೈಡಾ? ನನ್ನ ಮದುವೆಯ ಮಾತುಕತೆಯಲ್ಲೂ ಇಷ್ಟು ಪ್ರಶ್ನೆ ಬಂದಿರಲಿಲ್ಲ.

ಉದ್ದದ ಲೆಕ್ಕ ನನಗೆ ಗೊತ್ತಿತ್ತು. ಎರಡು ಚಕ್ರಗಳ ನಡುವಿನ ಅಂತರದ ಎರಡರಷ್ಟಕ್ಕೆ ಒಂದು ಚಕ್ರದ ಸುತ್ತಳತೆ ಕೂಡಿಸಿದರಾಯಿತು. ನನ್ನದು 14 ಇಂಚಿನ ಚಕ್ರ, ಉದ್ದ 93½ ಇಂಚು. ಹೈಸ್ಕೂಲಿನಲ್ಲಿ ಕಲಿತ ‘ಪೈ’ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತೆಂದು ಹುಡುಗನಿಗೆ ಹೇಳಿದೆ. ಅವನು ನನ್ನ ಹಿಂದೆ ನಿಂತಿದ್ದವರ ಕಡೆ ತಿರುಗಿ “ನಿಮಗೇನ್ ಸಾರ್?” ಎಂದ.

ಅಗಲದ ವಿಷಯಕ್ಕೆ ಬಂದಾಗ ನೆರೆಮನೆಯ ಇಂಜಿನಿಯರ್ ಪ್ರವೇಶವಾಯಿತು. ಪಟ್ಟಿ ಅಗಲವಾದಷ್ಟೂ ಸೀಳು ನೇರವಾಗುತ್ತದೆ, ಮುಕ್ಕಾಲಿಂಚು ಹಾಕಿಸಿ ಎಂದರು. ತತ್ತ್ವ ಸರಿ. ಆದರೆ ಅಗಲದ ಪಟ್ಟಿಯನ್ನು ತಕ್ಕಷ್ಟು ಬಿಗಿಯಬೇಕಲ್ಲ. ನನ್ನಂಥ ಚಿಕ್ಕ ಯಂತ್ರದ ಚಕ್ರದ ಮೇಲೆ ಮುಕ್ಕಾಲಿಂಚು ಕೂರುತ್ತದೆ, ಬಿಗಿಯುವ ಸ್ಪ್ರಿಂಗು ಮಾತ್ರ ಪೂರ್ತಿ ಅಮುಕಿಕೊಂಡು ಸುಮ್ಮನಾಗುತ್ತದೆ. ಸಡಿಲವಾದ ಮುಕ್ಕಾಲಿಂಚಿಗಿಂತ ಬಿಗಿಯಾದ ಅರ್ಧ ಇಂಚು ಎಷ್ಟೋ ವಾಸಿ. ದಪ್ಪದ ಬ್ಲೇಡು ಗಟ್ಟಿ ಎಂಬುದೂ ಅರ್ಧ ಸತ್ಯವೇ. ಪಟ್ಟಿ ನಿಮಿಷಕ್ಕೆ ಹತ್ತಿರ ಹತ್ತಿರ 3000 ಅಡಿ ಓಡುತ್ತದೆ. ಅಂದರೆ ಸೆಕೆಂಡಿಗೆ ಆರು ಸುತ್ತು, ಪ್ರತಿ ಸುತ್ತಿಗೆ ಎರಡು ಸಲ ಬಾಗಬೇಕು. ಚಿಕ್ಕ ಚಕ್ರದ ಮೇಲೆ ದಪ್ಪ ಉಕ್ಕು ಹೀಗೆ ಬಾಗಿ ಬಾಗಿ, ಹಲ್ಲಿನ ಬುಡದಲ್ಲಿ ಬಿರುಕು ಬಿಟ್ಟು ಒಂದು ದಿನ ಪಟ್ ಎನ್ನುತ್ತದೆ.

ಈ ‘ಪಟ್’ ಹೊಸದಲ್ಲ. 1808ರಲ್ಲಿ ಲಂಡನ್ನಿನ ವಿಲಿಯಂ ನ್ಯೂಬೆರಿ ಇಂಥ ಯಂತ್ರಕ್ಕೆ ಪೇಟೆಂಟು ಪಡೆದ. ಪಟ್ಟಿಯ ಎರಡು ತುದಿ ಬೆಸೆದ ಜಾಗ ನಿಲ್ಲುತ್ತಿರಲಿಲ್ಲವಾಗಿ, ಪೇಟೆಂಟು ಇದ್ದೂ ಯಂತ್ರ ಬಹುಕಾಲ ಮೂಲೆ ಸೇರಿತ್ತು. 1846ರಲ್ಲಿ ಆನ್ ಪಾಲಿನ್ ಕ್ರೆಪಿನ್ ಎಂಬ ಫ್ರೆಂಚ್ ಹೆಂಗಸು ಬೆಸುಗೆಗೆ ಒಂದು ದಾರಿ ಕಂಡುಹಿಡಿದ ಮೇಲೆ ಅದರ ಗಾಲಿ ತಿರುಗಿತು. ಗಂಡಸರು ಸುಮಾರು 40 ವರ್ಷ ಮುರಿದುಕೊಂಡು ಕೂತಿದ್ದನ್ನು ಒಬ್ಬ ಹೆಂಗಸು ಬಂದು ಕೂಡಿಸಿದಳು ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ನನ್ನ ಹೆಂಡತಿ ಆಶ್ಚರ್ಯಪಡಲಿಲ್ಲ.

ಉಳಿದದ್ದು ಹಲ್ಲು. ಇಂಜಿನಿಯರ್ ಪ್ರಕಾರ ಹಲ್ಲು ಹೆಚ್ಚಿದ್ದಷ್ಟೂ ‘ಫಿನಿಶಿಂಗ್’ ಚೆನ್ನ, ಇಂಚಿಗೆ ಹತ್ತಾದರೂ ಬೇಕು. ನನಗೂ ಹಾಗೇ ಅನ್ನಿಸಿತ್ತು. ಆದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಒಬ್ಬರು ಸಾ ಡಾಕ್ಟರ್ ಇದ್ದಾರೆ. ಮಿಲ್ಲುಗಳ ದೊಡ್ಡ ಬ್ಲೇಡುಗಳಿಗೆ ಹಲ್ಲು ಸಾಣೆ ಹಿಡಿಯುವುದು, ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸಿ ‘ಸೆಟ್ಟಿಂಗ್’ ಮಾಡುವುದು ಅವರ ವೃತ್ತಿ. ಅವರು ನನ್ನ ಯಂತ್ರದ ಬಗ್ಗೆ ಏನೂ ಕೇಳಲಿಲ್ಲ. ಮರ ಯಾವುದು, ಹಸಿಯೋ ಒಣಗಿದ್ದೋ, ಎಷ್ಟು ಎತ್ತರ ಕೊಯ್ಯಬೇಕು, ಒಳಗೆ ಮೊಳೆ ಇದೆಯೋ ಎಂದಷ್ಟೇ ಕೇಳಿದರು.

“ಇಂಚಿಗೆ ಮೂರು ಸಾಕು ಸಾರ್.”

“ಮೂರೇ?”

“ಜಾಸ್ತಿ ಹಲ್ಲಿದ್ರೆ ಬರೀ ಅಗಿಯುತ್ತೆ. ಎಲೆ ಅಡಿಕೆ ಬಾಯ್ತುಂಬ ಇಟ್ಕೊಂಡು ಉಗಿಯೋಕೆ ಜಾಗ ಇಲ್ದೇ ಒದ್ದಾಡೋ ಹಾಗೆ.”

ಇಡೀ ಶಾಸ್ತ್ರ ಅದರಲ್ಲಿತ್ತು. ಆರಿಂಚಿನ ಮರದೊಳಗೆ ಹತ್ತರ ಬ್ಲೇಡಾದರೆ ಒಂದೇ ಸಲಕ್ಕೆ 60 ಹಲ್ಲು ಸಿಕ್ಕಿಕೊಂಡಿರುತ್ತವೆ. ಹಲ್ಲುಗಳ ನಡುವಿನ ಚಿಕ್ಕ ಸಂದು ಮೇಲಿನ ಎರಡಿಂಚಿನಲ್ಲೇ ಹೊಟ್ಟಿನಿಂದ ತುಂಬಿಹೋಗುತ್ತದೆ. ಕೆಳಗಿನ ನಾಲ್ಕಿಂಚಿನಲ್ಲಿ ಹಲ್ಲು ಮರ ಕಚ್ಚುವುದಿಲ್ಲ, ತನ್ನದೇ ಹೊಟ್ಟನ್ನು ಉಜ್ಜುತ್ತಾ ಬಿಸಿಯಾಗುತ್ತದೆ. ಮೂರರ ಬ್ಲೇಡಾದರೆ ಒಳಗಿರುವುದು 18 ಹಲ್ಲು. ಒಂದೊಂದಕ್ಕೂ ದೊಡ್ಡ ಸಂದು, ತೆಗೆದ ಹೊಟ್ಟನ್ನೆಲ್ಲ ತುಂಬಿಕೊಂಡು ಕೆಳಗೆ ಸುರಿದು ಬರುತ್ತದೆ. ಹಲಗೆಯ ಮೈ ಸ್ವಲ್ಪ ಒರಟಾಗುತ್ತದೆ, ನಿಜ. ಅದಕ್ಕೆಂದೇ ಕೀಸುಳಿ ಇರುವುದು.

ಅದೇ ವಾರ ನನ್ನ ಹಲ್ಲಿನ ಡಾಕ್ಟರು ಎಕ್ಸ್‌ರೇ ಹಿಡಿದು, ಬಿದ್ದ ಹಲ್ಲುಗಳ ಸಂದನ್ನು ಕೂಡಲೇ ಮುಚ್ಚಿಸಿ ಎಂದಿದ್ದರು. ಇಬ್ಬರು ತಜ್ಞರು, ಎರಡು ಅಭಿಪ್ರಾಯ. ಅಗ್ಗದ್ದನ್ನು ಮೊದಲು ಪಾಲಿಸಿದೆ.

ಕಾರ್ಬೈಡ್ ತುದಿಯ ಬ್ಲೇಡಿನ ಬೆಲೆ ಕೇಳಿದಾಗ ತೊಲೆಯೇ ಅಗ್ಗವೆನ್ನಿಸಿತು. ಸಿಲಿಕಾ ತುಂಬಿದ ತೇಗವನ್ನು ದಿನವೂ ಕೊಯ್ಯುವವರಿಗೆ ಅದು ಸರಿ. ಮೊಳೆ ಅಡಗಿರಬಹುದಾದ ಹಳೆಯ ತೊಲೆಗೆ ಅದನ್ನು ಹಾಕಲು ಧೈರ್ಯ ಬೇಕು, ಇಲ್ಲವೇ ಬೇರೆಯವರ ದುಡ್ಡು ಬೇಕು. ಅರ್ಧ ಇಂಚಿನ ಕಾರ್ಬನ್ ಉಕ್ಕಿನದು, ಇಂಚಿಗೆ ಮೂರು, ಎಂದು ತೀರ್ಮಾನಿಸಿದೆ. ಆದರೂ ಹೆಂಡತಿ ಕೇಳಿದಳು, “ಇದೆಲ್ಲದರ ಬದಲು ಹಲಗೆಯನ್ನೇ ತರಬಹುದಿತ್ತಲ್ಲ?” ನಾನು ಪೆನ್ಸಿಲ್ ಹಿಡಿದೆ. ದುಂಡು ಗರಗಸ ಒಂದು ಸೀಳಿಗೆ ಮೂರು ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ, ನನ್ನ ಬ್ಯಾಂಡ್‌ಸಾ ಒಂದು ಚಿಲ್ಲರೆ ಮಾತ್ರ. ಹತ್ತು ಸೀಳಿಗೆ ಹದಿನೆಂಟು ಮಿಲಿಮೀಟರ್ ಉಳಿತಾಯ!

“ಎಲ್ಲಿಡ್ತೀರಿ ಅದನ್ನ?” ಎಂದಳು.

ಬ್ಲೇಡು ಮೂರು ಸುತ್ತಾಗಿ ಮಡಿಸಿಕೊಂಡು ಬಂತು. ಕಟ್ಟು ಬಿಚ್ಚಿದ್ದೇ ತಡ, 280 ಹಲ್ಲುಗಳು ಝಲ್ಲೆಂದು ಹಾರಿ ಬಿಚ್ಚಿಕೊಂಡವು. ಇಂಜಿನಿಯರ್ ಗೇಟಿನ ಆಚೆ ಹೋಗಿ ನಿಂತರು. ಧೈರ್ಯ ತಂದುಕೊಂಡು ಅವರೇ ಅದನ್ನು ಚಕ್ರಕ್ಕೆ ಏರಿಸಿದಾಗ ಹಲ್ಲೆಲ್ಲ ಮೇಲ್ಮುಖವಾಗಿದ್ದವು. ಅವು ಕೆಳಕ್ಕೆ ನೋಡಬೇಕು. ತೆಗೆದು ತಲೆಕೆಳಗು ಮಾಡಿ ಹಾಕಿದರು. ಈಗ ಕೆಳಕ್ಕೆ ನೋಡಿದವು, ಆದರೆ ಹಿಂಬದಿಗೆ ಹೋಗಿದ್ದವು. ಮುಂದಕ್ಕೆ ತಿರುಗಿಸಿದರು. ಮತ್ತೆ ಮೇಲ್ಮುಖ! ತಯಾರಿಕೆಯ ದೋಷ, ವಾಪಸ್ ಕಳಿಸೋಣ ಎಂದರು. ನಾನು ಸಾ ಡಾಕ್ಟರಿಗೆ ಫೋನು ಮಾಡಿದೆ. “ಎಷ್ಟು ತಿರುಗ್ಸಿದ್ರೂ ಅಷ್ಟೇ ಸಾರ್. ಒಳಗಿನ ಮೈ ಹೊರಗೆ ಮಾಡಿ,” ಎಂದು ನಕ್ಕು ಇಟ್ಟರು. ಮಾಡಿದೆವು. ಹಲ್ಲು ಕೆಳಕ್ಕೆ ನೋಡಿತು.

ಮೊದಲ ಹಲಗೆ ಎರಡೂ ತುದಿಯಲ್ಲಿ ಕಾಲಿಂಚೇ ಬಂತು, ಹೊಟ್ಟೆಯಿಲ್ಲ, ಹೊಗೆಯಿಲ್ಲ. ಇಂಜಿನಿಯರ್ ವರ್ನಿಯರ್ ತಂದು ಅಳೆದು, ಏನೂ ಹೇಳದೆ ಹೋದರು. ನಾಲ್ಕನೆಯ ಹಲಗೆಯ ಹೊತ್ತಿಗೆ ಹಲಸಿನ ಹಳದಿ ಹೊಟ್ಟು ಗಾಳಿಯಲ್ಲಿ ತೇಲಿ, ತಂತಿಯ ಮೇಲೆ ಒಣಗಿದ್ದ ನನ್ನ ಬಿಳಿ ಪಂಚೆಗಳ ಮೇಲೆಲ್ಲ ಕೂತಿತ್ತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗಿನ ಬಣ್ಣವನ್ನೇ ಹಾಕುತ್ತಿದ್ದರು, ಗೊತ್ತಾ ಎಂದೆ.

“ಹಾಗಾದ್ರೆ ರಾತ್ರಿ ಊಟಕ್ಕೂ ಹಾಗೇ ನಾಲ್ಕು ಮನೆ ತಿರುಗಿ ಬನ್ನಿ,” ಎಂದಳು.