ಎಲೆ ನೋಡಿ ಬಡಿಸುವ ಕರೆಂಟು

ಮಂಗಳೂರಿನಲ್ಲಿ ಹಳೆಯ ಕಾಲದಲ್ಲಿ ಮನೆ ಕಟ್ಟಿಸಿದವರು, ಮುಂದೊಂದು ದಿನ ಗೇಟಿಗೂ ಕರೆಂಟು ಬೇಕಾದೀತು ಎಂದು ಎಣಿಸಿರಲಿಲ್ಲ. ಈ ಊರಿನಲ್ಲಿ ಸಮತಟ್ಟಾದ ಜಾಗ ಎಂದರೆ ನೆಹರೂ ಮೈದಾನ ಒಂದೇ. ಉಳಿದಲ್ಲೆಲ್ಲ ರಸ್ತೆ ಮೇಲಿದ್ದರೆ ಮನೆ ಕೆಳಗೆ, ಮನೆ ಮೇಲಿದ್ದರೆ ರಸ್ತೆ ಕೆಳಗೆ. ನಡುವೆ ಕೆಂಪುಕಲ್ಲಿನ ಮೆಟ್ಟಿಲು, ನಾಲ್ಕು ತೆಂಗಿನ ಮರ, ಒಂದು ಹಲಸು, ಬಾವಿ, ಮತ್ತು ಮಾಡು ರಿಪೇರಿಗೆಂದು ಯಾವ ಕಾಲದಲ್ಲೋ ತಂದಿಟ್ಟು ಈಗ ಪಾಚಿ ಹಿಡಿದ ಹಂಚಿನ ರಾಶಿ. ಗೇಟಿನ ಕಂಬಕ್ಕೊಂದು ಬಲ್ಬು ಇರುತ್ತದೆ. ಅದರ ಸ್ವಿಚ್ಚು ಮನೆಯೊಳಗೆ. ಪ್ಲಗ್ ಪಾಯಿಂಟ್ ಇರುವುದಿಲ್ಲ. ಗೇಟಿನ ಹತ್ತಿರ ನಿಂತು ಯಾರು ಇಸ್ತ್ರಿ ಹಾಕುತ್ತಾರೆ?

ಬಿಜೈಯಲ್ಲಿರುವ ನಮ್ಮ ಮನೆಯೂ ಇಂಥದ್ದೇ. ಇಲ್ಲಿದ್ದಷ್ಟು ದಿನ ಗೇಟಿನ ಚಿಲಕ ಹಾಕದೆ ಬರುತ್ತಿದ್ದ ಮಗನಿಗೆ ದೋಹಾಕ್ಕೆ ಹೋದ ಮೇಲೆ ಗೇಟಿನದೇ ಚಿಂತೆ ಹತ್ತಿತು. "ಅಪ್ಪಾ, ಒಂದು ಕ್ಯಾಮೆರಾ ಹಾಕಿಸಿ. ನೀವು ಮೂರೇ ಜನ ಅಲ್ಲಿ." ಮೂರೇ ಜನ ಎಂದರೆ ನಾನು, ನನ್ನ ಹೆಂಡತಿ ಮತ್ತು ನನ್ನ ಅಮ್ಮ. ಅಮ್ಮ ಒಬ್ಬರೇ ಮೂರು ಜನಕ್ಕೆ ಸಮ ಎನ್ನುವುದು ದೋಹಾದಿಂದ ಕಾಣುವುದಿಲ್ಲ.

ಕ್ಯಾಮೆರಾದ ಹುಡುಗ ಬರುವ ದಿನ ಬೆಳಗ್ಗಿನಿಂದ ಸಂಜೆಯವರೆಗೂ "ನಂತೂರಿನಲ್ಲಿ ಬ್ಲಾಕ್ ಉಂಟು ಸರ್" ಎನ್ನುತ್ತಲೇ ಇದ್ದ. ಬಂದವನ ಹೆಗಲಲ್ಲಿ ಒಂದೇ ಒಂದು ಕೇಬಲ್ಲಿನ ಸುರುಳಿ. ನಾನು ಕೇಳಿದೆ, "ಚಿತ್ರ ಬರ್ಲಿಕ್ಕೆ ಇದು. ಕರೆಂಟಿಗೆ?"

"ಪಿಒಇ ಸರ್. ನೆಟ್ಟಿನ ಕೇಬಲ್ಲಲ್ಲೇ ಕರೆಂಟ್ ಹೋಗ್ತದೆ."

ಚಾವಡಿಯಲ್ಲಿ ಕೂತು ಹೂವು ಕಟ್ಟುತ್ತಿದ್ದ ಅಮ್ಮ ತಲೆ ಎತ್ತಿದರು. "ಹಾಗಾದ್ರೆ ಬಿಲ್ ಯಾರಿಗೆ ಕಟ್ಟುದು? ನೆಟ್ಟಿನವನಿಗಾ, ಕರೆಂಟಿನವರಿಗಾ?"

ಹುಡುಗ ನಕ್ಕ. ನಾನು ನಗಲಿಲ್ಲ. ಅಮ್ಮನ ಪ್ರಶ್ನೆಗೆ ನಕ್ಕವರು ಮುಂದೆ ಉತ್ತರ ಹುಡುಕಬೇಕಾಗುತ್ತದೆ ಎನ್ನುವುದು ನನಗೆ ಗೊತ್ತು. ಹಾಗಾಗಿ ಪವರ್ ಓವರ್ ಈಥರ್ನೆಟ್ ಎಂಬ ಈ ವಿದ್ಯೆಯ ಬೆನ್ನು ಹತ್ತಿದೆ.

ಆ ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ. ಕಿತ್ತಳೆ, ಹಸಿರು, ನೀಲಿ, ಕಂದು ಎಂದು ನಾಲ್ಕು ಬಣ್ಣ. ಪ್ರತಿ ಬಣ್ಣಕ್ಕೂ ಬಿಳಿ ಪಟ್ಟೆಯ ಒಂದು ಜೊತೆಗಾರ. ಜೋಡಿ ಜೋಡಿಯಾಗಿ ಹುರಿ ಹೊಸೆದಿರುತ್ತಾರೆ. ಸುದ್ದಿ ಸಾಗುವುದು ಒಂದು ಜೋಡಿಯ ಎರಡು ತಂತಿಗಳ ನಡುವಿನ ವ್ಯತ್ಯಾಸದಲ್ಲಿ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಆಚೆ ತುದಿಯವನು ಆ ಅಂತರವನ್ನಷ್ಟೇ ಓದಿಕೊಳ್ಳುತ್ತಾನೆ. ಈಗ ಎರಡೂ ತಂತಿಗಳ ವೋಲ್ಟೇಜನ್ನು ಒಂದೇ ಪ್ರಮಾಣದಲ್ಲಿ ಮೇಲೆತ್ತಿದರೆ? ಅಂತರ ಬದಲಾಗುವುದಿಲ್ಲ. ಆದುದರಿಂದ ಒಂದು ಜೋಡಿಯಲ್ಲಿ ಕರೆಂಟು ಹೋಗಿ ಇನ್ನೊಂದು ಜೋಡಿಯಲ್ಲಿ ವಾಪಸು ಬರಬಹುದು. ಸುದ್ದಿಗೆ ಅದು ತಿಳಿಯುವುದೇ ಇಲ್ಲ. ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಅಡ್ಡ ಬಾರದೆ ಬದುಕುವ ಈ ಉಪಾಯ ನನಗೆ ಬಹಳ ಹಿಡಿಸಿತು. ಹೆಂಡತಿಗೂ ವಿವರಿಸಿದೆ. "ಯಾರ ಮನೆಯಲ್ಲಿ?" ಎಂದಳು.

ಅದಕ್ಕಿಂತಲೂ ಹಿಡಿಸಿದ್ದು ಅದರ ಮರ್ಯಾದೆ. ನನ್ನ ದೊಡ್ಡಮಾವ ಬ್ರಹ್ಮಕಲಶದ ಊಟಗಳಲ್ಲಿ ಬಡಿಸುವ ಸ್ವಯಂಸೇವಕರನ್ನು ಪಳಗಿಸುವುದಕ್ಕೆ ಹೆಸರಾದವರು. ಹೆಗಲಿಗೆ ಬೈರಾಸು ಹಾಕಿ ಹಂತಿಯ ತಲೆಯಲ್ಲಿ ನಿಂತರೆ ಅವರ ಕಾನೂನೇ ಕಾನೂನು. ಮೊದಲು ಎಲೆ ಉಂಟಾ ನೋಡು. ಆಮೇಲೆ ಎಷ್ಟು ಬೇಕು ವಿಚಾರಿಸು. ಆಮೇಲೆ ಬಡಿಸು. ಎದ್ದವನ ಎಲೆಗೆ ಬಡಿಸಬೇಡ. ಕೇಬಲ್ಲಿಗೆ ಕರೆಂಟು ಕೊಡುವ ಪಿಒಇ ಸ್ವಿಚ್ಚೆಂಬ ಪೆಟ್ಟಿಗೆ ಮಾಡುವುದು ಅಕ್ಷರಶಃ ಇಷ್ಟನ್ನೇ. ಕೇಬಲ್ ಸಿಕ್ಕಿಸಿದ ಕೂಡಲೇ ಅದು ಕರೆಂಟು ಸುರಿಯುವುದಿಲ್ಲ. ಮೊದಲು 10 ವೋಲ್ಟಿನ ಒಳಗೆ ಒಂದಿಷ್ಟು ಹನಿಸಿ ನೋಡುತ್ತದೆ. ಆಚೆ ತುದಿಯಲ್ಲಿ ಸುಮಾರು 25 ಕಿಲೋ ಓಮ್‌ನ ರೆಸಿಸ್ಟರ್ ಒಂದು ಸಿಕ್ಕಿದರೆ ಎಲೆ ಹಾಕಿದೆ ಎಂದು ಲೆಕ್ಕ. ಮತ್ತೆ ವೋಲ್ಟೇಜು ತುಸು ಏರಿಸಿ, ನೀನು ಯಾವ ವರ್ಗದವ, ನಿನ್ನ ಹೊಟ್ಟೆ ಎಷ್ಟು ಎಂದು ವಿಚಾರಿಸುತ್ತದೆ. ಅಷ್ಟಾದ ಮೇಲೆ 48 ವೋಲ್ಟಿನ ಆಸುಪಾಸಿನ ನಿಜವಾದ ಊಟ. ನಡುವೆ ಯಾರಾದರೂ ಕೇಬಲ್ ಕಿತ್ತರೆ ಅರ್ಧ ಸೆಕೆಂಡಿನೊಳಗೆ ಬಡಿಸುವುದು ಬಂದ್. ಗೋಡೆಯ ಪ್ಲಗ್ಗಿನ 230 ವೋಲ್ಟಿಗೆ ಈ ಸಂಸ್ಕಾರವಿಲ್ಲ. ಬಂದವರು ಮಿಕ್ಸಿಯೋ, ಮಗುವಿನ ಬೆರಳೋ, ಅದು ಕೇಳುವುದಿಲ್ಲ.

ಈ ಪಂಕ್ತಿಯಲ್ಲೂ ಒರಟರು ಇಲ್ಲದಿಲ್ಲ. ಸ್ವಿಚ್ಚಿನ ಬದಲು ಕೇಬಲ್ಲಿಗೆ ಕರೆಂಟು ಕೊಡುವ, ಕಡಿಮೆ ಬೆಲೆಯ ಕೆಲವು ಇಂಜೆಕ್ಟರುಗಳು ಎಲೆ ಹಾಕಿದೆಯೋ ಇಲ್ಲವೋ ನೋಡದೆ 24 ಅಥವಾ 48 ವೋಲ್ಟನ್ನು ಸದಾ ಸುರಿಯುತ್ತಲೇ ಇರುತ್ತವೆ. ಪಿಒಇ ಅಲ್ಲದ ಬಡಪಾಯಿ ಉಪಕರಣ ಆ ತುದಿಗೆ ಸಿಕ್ಕಿಬಿದ್ದರೆ ಅದರ ಮಡಿಲಿಗೆ ಬಿಸಿ ಸಾಂಬಾರು. "ಆ ಟೈಪ್ ಹಾಕುದಿಲ್ಲ ಸರ್ ನಾವು" ಎಂದು ಹುಡುಗ ಕೆನ್ನೆ ಮುಟ್ಟಿಕೊಂಡ.

ಬಡಿಸಿದ್ದೆಲ್ಲ ಎಲೆಗೆ ಬೀಳುತ್ತದೆಯೇ ಎಂದರೆ ಅದೂ ಇಲ್ಲ. 2003ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಇದಕ್ಕೆ ಮೊದಲ ನಿಯಮ ಬರೆದಾಗ, ಅಡುಗೆಮನೆಯಿಂದ ಹೊರಡುವುದು 15.4 ವ್ಯಾಟ್, 100 ಮೀಟರ್ ದಾಟಿ ಎಲೆಗೆ ಮುಟ್ಟುವ ಭರವಸೆ 12.95 ವ್ಯಾಟ್ ಎಂದು ಮೊದಲೇ ಒಪ್ಪಿಕೊಂಡಿತು. ಉಳಿದದ್ದು ದಾರಿಯಲ್ಲಿ ಶಾಖವಾಗಿ ಚೆಲ್ಲುತ್ತದೆ. ಸರಕಾರದ ಯೋಜನೆಗಳ ಲೆಕ್ಕಕ್ಕೆ ಹೋಲಿಸಿದರೆ ಈ ಸೋರಿಕೆ ಏನೂ ಅಲ್ಲ. ಅದನ್ನು ಮುಂಚಿತವಾಗಿ, ದಶಮಾಂಶ ಸಮೇತ ಬರೆದುಕೊಟ್ಟದ್ದಂತೂ ದೊಡ್ಡತನ. 2009ರಲ್ಲಿ ಬಡಿಸುವ ಪ್ರಮಾಣ 30 ವ್ಯಾಟಿಗೆ ಏರಿತು. 2018ರ ನಿಯಮದಲ್ಲಿ ನಾಲ್ಕೂ ಜೋಡಿ ತಂತಿಗಳನ್ನು ದುಡಿಸಿ 90 ವ್ಯಾಟ್ ಕಳಿಸಬಹುದು, ಮುಟ್ಟುವುದು 71.3.

ಈ ಸೋರಿಕೆಯ ನಿಜವಾದ ಪಾಠ ಸಿಕ್ಕಿದ್ದು ಎದುರುಮನೆಯಲ್ಲಿ. ಮಂಗಳೂರಿನಲ್ಲಿ ಎದುರುಮನೆಯವರು ಸಾಮಾನ್ಯವಾಗಿ ನಿವೃತ್ತ ಬ್ಯಾಂಕಿನವರಾಗಿರುತ್ತಾರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ಜಿಲ್ಲೆಯಲ್ಲಿ ಇದು ಸಹಜ. ನಮ್ಮ ಎದುರುಮನೆಯ ಮ್ಯಾನೇಜರರು ಜೀವಮಾನವಿಡೀ ಇತರರ ಸಾಲದ ಅರ್ಜಿಯಲ್ಲಿ ತಪ್ಪು ಹುಡುಕಿದವರು. ನಾವು ಕ್ಯಾಮೆರಾ ಹಾಕಿಸಿದ್ದನ್ನು ಕಂಡು ಅವರೂ ಹಾಕಿಸಿದರು, ನಮಗಿಂತ ಅಗ್ಗದಲ್ಲಿ. ಅಗ್ಗದ್ದೆನ್ನುವುದನ್ನು ಮೆಟ್ಟಿಲು ಹತ್ತಿ ಬಂದು ತಿಳಿಸಿಯೂ ಹೋದರು.

ಅವರ ಕ್ಯಾಮೆರಾ ಹಗಲಿಡೀ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕಾಗೆ, ಪೇಪರಿನವ, ನಮ್ಮ ಮನೆಯ ಬೆಕ್ಕು, ಎಲ್ಲರೂ ಸ್ಪಷ್ಟ. ಕತ್ತಲಾದ ಕೂಡಲೇ ಅದು ಆರುವುದು, ಮತ್ತೆ ಹೊತ್ತುವುದು, ಪುನಃ ಆರುವುದು. ಕಳ್ಳ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವ ಕಾವಲುಗಾರ. ಕಂಪನಿಯವರು ಕ್ಯಾಮೆರಾ ಬದಲಿಸಿದರು. ಹೊಸದೂ ರಾತ್ರಿಯಾಗುತ್ತಲೇ ಅದೇ ಚಾಳಿ ಹಿಡಿಯಿತು. ಮ್ಯಾನೇಜರರ ಹೆಂಡತಿ ಗೇಟಿನ ಕಂಬಕ್ಕೆ ಲಿಂಬೆಹಣ್ಣು ಕಟ್ಟಿಸಿದರು.

ನಮ್ಮ ಹುಡುಗ ಹೋಗಿ ನೋಡಿದ. ಕೇಬಲ್ಲಿನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದ. ಮೇಲಿನ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ಲೇಪ. ಪೇಟೆಯಲ್ಲಿ ಇಂಥದ್ದು ಬೇಕಾದಷ್ಟು ಸಿಕ್ಕುತ್ತದೆ. ಚಿತ್ರ ಕಳಿಸುವ ಕೆಲಸವನ್ನು ಹೇಗೋ ಮಾಡಿಬಿಡುತ್ತದೆ, ಕರೆಂಟು ಹೊರುವಾಗ ಏದುಸಿರು. ತಾಮ್ರಕ್ಕಿಂತ ಅಲ್ಯೂಮಿನಿಯಂನ ರೋಧ ಒಂದೂವರೆ ಪಾಲಿಗೂ ಹೆಚ್ಚು. ಹಗಲಲ್ಲಿ ಕ್ಯಾಮೆರಾಕ್ಕೆ ಬೇಕಾದ್ದು ಕಡಿಮೆ, ನಡೆದುಹೋಗುತ್ತದೆ. ಕತ್ತಲಾದಾಗ ಅದು ಮನುಷ್ಯರಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸುತ್ತದೆ, ಹಸಿವು ಏರುತ್ತದೆ, ಎಳೆದ ಕರೆಂಟು ಹೆಚ್ಚಾದಷ್ಟೂ ದಾರಿಯಲ್ಲಿ ವೋಲ್ಟೇಜು ಕುಸಿಯುತ್ತದೆ, ಕ್ಯಾಮೆರಾ ಮೂರ್ಛೆ ಹೋಗುತ್ತದೆ. ಮೂರ್ಛೆ ಹೋದದ್ದಕ್ಕೆ ದೀಪ ಆರುತ್ತದೆ, ಹಸಿವು ಇಳಿಯುತ್ತದೆ, ಎಚ್ಚರವಾಗುತ್ತದೆ. ಎದ್ದು ನೋಡಿದರೆ ಕತ್ತಲೆ, ಮತ್ತೆ ದೀಪ. ಮ್ಯಾನೇಜರರು ಕೇಬಲ್ ಬದಲಿಸಿದರು. ಲಿಂಬೆಹಣ್ಣು ಮಾತ್ರ ಹಾಗೇ ಇದೆ. ಗುಣವಾದ್ದು ಯಾವುದರಿಂದ ಎಂದು ಆ ಮನೆಯಲ್ಲಿ ಇನ್ನೂ ಎರಡು ಪಕ್ಷ.

ಈ 48 ವೋಲ್ಟು ನಮಗೆ ಹೊಸಬನೇನಲ್ಲ. ಚಾವಡಿಯ ಮೂಲೆಯಲ್ಲಿ ಕ್ರೋಶಾದ ಬಟ್ಟೆ ಹೊದ್ದು ಕೂತಿದ್ದ ಕಪ್ಪು ಫೋನಿಗೂ ಅದೇ ಊಟ. ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಎರಡೇ ತಂತಿಯಲ್ಲಿ ಮಾತೂ ಕರೆಂಟೂ ಒಟ್ಟಿಗೆ ಬರುತ್ತಿದ್ದವು. ಆಟಿ ತಿಂಗಳ ರಾತ್ರಿ ತೆಂಗಿನ ಮಡಲು ಬಿದ್ದು ಇಡೀ ಓಣಿ ಕತ್ತಲಾದರೂ ಫೋನು ಗುಂಯ್ ಎನ್ನುತ್ತಲೇ ಇರುತ್ತಿತ್ತು. ಕರೆಂಟು ಹೋದ ದೂರು ಕೊಡಲಿಕ್ಕೆ ಫೋನಿಗೆ ಕರೆಂಟು ಇದ್ದೇ ಇರುತ್ತಿತ್ತು. ಆ ಕಡೆಯವರು ರಿಸೀವರನ್ನು ಕೆಳಗಿಟ್ಟು ಮಲಗುತ್ತಿದ್ದುದು ಬೇರೆ ಸಂಗತಿ. 2000ದಲ್ಲಿ ಸಿಸ್ಕೊ ಕಂಪನಿ ಕಂಪ್ಯೂಟರ್ ಕೇಬಲ್ಲಿನಲ್ಲಿ ಕರೆಂಟು ಕಳಿಸಲು ಹೊರಟದ್ದು ಕೂಡ ಆಫೀಸಿನ ಟೇಬಲ್ ಫೋನುಗಳಿಗಾಗಿಯೇ. ಹಳೆಯ ಫೋನಿಗೆ ಪ್ಲಗ್ ಬೇಡವಾಗಿತ್ತು, ಹೊಸ ಫೋನಿಗೆ ಬೇಕು ಎಂದರೆ ಯಾರು ಒಪ್ಪುತ್ತಾರೆ?

ಆಮೇಲೆ ನಮ್ಮ ಮನೆಗಳಿಗೆ ಫೈಬರ್ ಬಂತು. ಗಾಜಿನ ಎಳೆ. ಸಿನಿಮಾ ಬೇಕೇ, ಹರಿದು ಬರುತ್ತದೆ. ಕರೆಂಟು ಒಂದು ಹನಿಯೂ ಬರುವುದಿಲ್ಲ. ಮನೆಯ ಕರೆಂಟು ಹೋದರೆ ಫೈಬರಿನ ಮೋಡೆಮ್ಮು ಹೋಯಿತು, ಅದರ ಬೆನ್ನಿಗೆ ಕಟ್ಟಿದ ಫೋನೂ ಹೋಯಿತು. ನಾವು ಮುಂದೆ ಹೋದೆವು ಎಂದು ಇದನ್ನು ಕರೆಯುವುದಾದರೆ ಕರೆಯಿರಿ, ನನ್ನ ತಕರಾರಿಲ್ಲ.

ಈಗ ನಮ್ಮಲ್ಲಿ ಮೆಟ್ಟಿಲಿನ ಕೆಳಗೆ, ಉಪ್ಪಿನಕಾಯಿ ಭರಣಿಗಳ ಪಕ್ಕ, ಮೋಡೆಮ್ಮು, ಪಿಒಇ ಸ್ವಿಚ್ಚು ಮತ್ತು ಒಂದು ಸಣ್ಣ ಯುಪಿಎಸ್ಸು ವಾಸವಾಗಿವೆ. ಆ ಒಂದು ಯುಪಿಎಸ್ಸಿಗೆ ಜೀವ ಇರುವಷ್ಟು ಹೊತ್ತು ಗೇಟಿನ ಕ್ಯಾಮೆರಾ, ಬಾವಿಯ ಹತ್ತಿರದ್ದು, ಮಾಳಿಗೆಯ ವೈಫೈ ಡಬ್ಬಿ, ಎಲ್ಲಕ್ಕೂ ಜೀವ. ಮನೆಯ ಅಧಿಕಾರ ಕೇಂದ್ರ ಅಲ್ಲಿಗೆ ಸ್ಥಳಾಂತರವಾದದ್ದನ್ನು ಮೊದಲು ಗುರುತಿಸಿದವರು ಅಮ್ಮ. ಪತ್ತನಾಜೆಯ ಹೊತ್ತಿಗೆ ಆಕಾಶದಲ್ಲಿ ಗುಡುಗುಡು ಶುರುವಾದರೆ ಈ ಊರಿನಲ್ಲಿ ಪ್ರತಿ ಮನೆಯಿಂದಲೂ ಒಂದು ಕೂಗು ಏಳುತ್ತದೆ: "ಎಲ್ಲ ಪ್ಲಗ್ ತೆಗೀರಿ!" ಸಿಡಿಲು ಹತ್ತಿರದಲ್ಲಿ ಎಲ್ಲೇ ಬಿದ್ದರೂ ಅಂಗಳದಲ್ಲಿ ಎಳೆದ ಉದ್ದ ತಂತಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಅರ್ಥಿಂಗು, ಸರ್ಜ್ ಪ್ರೊಟೆಕ್ಟರ್ ಎಂದು ಉಪಾಯಗಳುಂಟು, ಹಾಕಿಸಿದ್ದೂ ಉಂಟು. ಆದರೆ ಅಮ್ಮನಿಗೆ ಕಣ್ಣಿಗೆ ಕಾಣುವಂತೆ ಕಿತ್ತಿಟ್ಟದ್ದರ ಮೇಲೆಯೇ ನಂಬಿಕೆ. ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಕಿವಿಯನ್ನು ಒತ್ತಿ ಟಕ್ ಎಂದು ಎಳೆಯಲು ಅವರು ಬೇಗ ಕಲಿತರು. ದೋಹಾದಿಂದ ಕೂಡಲೇ ಫೋನು. "ಅಪ್ಪಾ, ಗೇಟು ಕಾಣುದಿಲ್ಲ!"

"ಗುಡುಗು ಉಂಟು ಮಾರಾಯ. ಗೇಟು ಅಲ್ಲೇ ಉಂಟು."

ಮಳೆ ಇಲ್ಲದಾಗ ಅಮ್ಮ ಟಿವಿಯಲ್ಲಿ ಗೇಟು ನೋಡುತ್ತಾರೆ. ಮೀನಿನ ಬುಟ್ಟಿಯವಳು ಮೇಲಿನ ತಿರುವಿನಲ್ಲಿ ಕಂಡ ಕೂಡಲೇ ಕ್ಯಾಮೆರಾದ ಮೂಲಕವೇ ಬಂಗುಡೆಗೆ ಕ್ರಯ ಮಾಡುತ್ತಾರೆ. ಕಂಬದಿಂದ ಬಂದ ದನಿಗೆ ಮೊದಲ ಸಲ ಹೆದರಿದವಳು ಈಗ ಕ್ಯಾಮೆರಾಕ್ಕೆ ಮುಖ ಕೊಟ್ಟು, ಕಿವಿರು ಬಿಡಿಸಿ ತೋರಿಸುತ್ತಾಳೆ. 100 ಮೀಟರ್ ಕೇಬಲ್ಲಿಗೆ ಈ ಉಪಯೋಗವೂ ಇದೆ ಎಂದು ಐಇಇಇಯವರಿಗೆ ಯಾರಾದರೂ ಬರೆಯಬೇಕು.

ಹೀಗಿರುವಾಗ ಅಮೆರಿಕದ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಸಿಂಕ್ಲೇರ್ ಎಂಬ ಹೋಟೆಲು ಕೋಣೆಯ ದೀಪಗಳನ್ನೂ ಪುಟ್ಟ ಫ್ರಿಜ್ಜನ್ನೂ ಇದೇ ರೀತಿ ನೆಟ್‌ವರ್ಕ್ ಕೇಬಲ್ಲಿನಿಂದ ನಡೆಸುವುದನ್ನು ಓದಿ, ಊಟದ ಹೊತ್ತಿಗೆ ಹೇಳಿದೆ.

"ಗ್ರೈಂಡರ್ ತಿರುಗ್ತದಾ?" ಎಂದರು ಅಮ್ಮ.

ಲೆಕ್ಕ ಹಾಕಿದೆ. ಟೇಬಲ್ಲಿನ ಮೇಲಿಡುವ ಸಣ್ಣ ಗ್ರೈಂಡರಿಗೇ 150 ವ್ಯಾಟ್ ಬೇಕು. ಸಿಕ್ಕುವುದು ಹೆಚ್ಚೆಂದರೆ 71.3. ಇಲ್ಲ, ತಿರುಗುವುದಿಲ್ಲ.

"ಮತ್ತೆಂತ ಪ್ರಯೋಜನ?"

ಅಲ್ಲಿಗೆ ಟೆಕ್ಸಾಸು ಬಿದ್ದುಹೋಯಿತು ಎಂದುಕೊಂಡೆ. ಆದರೆ ಏಪ್ರಿಲಿನ ಒಂದು ಮಧ್ಯಾಹ್ನ, ಕರೆಂಟು ಹೋಗಿ, ಇನ್ವರ್ಟರೂ ಕೈಕೊಟ್ಟು, ಸೆಖೆಗೆ ಮೈಯೆಲ್ಲ ನೀರಾಗುತ್ತಿರುವಾಗ, ಅಮ್ಮನಿಗೆ ಮೆಟ್ಟಿಲಿನ ಕೆಳಗೆ ಹಸಿರು ದೀಪಗಳು ಮಿಣುಕುವುದು ಕಂಡಿತು. "ಕಬ್ಬಿಣದ ಗೇಟನ್ನು ನೋಡ್ಲಿಕ್ಕೆ ಕರೆಂಟುಂಟು. ಮನುಷ್ಯರಿಗೆ ಗಾಳಿಗೆ ಇಲ್ಲ." ಬಾವಿಯ ಕ್ಯಾಮೆರಾದ ಮೇಲೆ ಚಗಳಿ ಗೂಡು ಕಟ್ಟಿದ್ದನ್ನು ತೆಗೆಯಲು ಬಂದಿದ್ದ ಹುಡುಗನನ್ನು ಅಲ್ಲೇ ನಿಲ್ಲಿಸಿದರು. "ಒಂದು ಕೇಬಲ್ ನನ್ನ ಫ್ಯಾನಿಗೆ ಎಳೆ."

ಹುಡುಗ ನನ್ನ ಮುಖ ನೋಡಿದ. ನಾನು ಮನಸ್ಸಿನಲ್ಲೇ ಲೆಕ್ಕ ಶುರುಮಾಡಿಬಿಟ್ಟಿದ್ದೆ. ಹಳೆಯ ಫ್ಯಾನು 75 ವ್ಯಾಟು, ಆಗುವುದಿಲ್ಲ. ಈಗಿನ ಬಿಎಲ್‌ಡಿಸಿ ಫ್ಯಾನು ಪೂರ್ತಿ ವೇಗಕ್ಕೂ 30ರ ಆಸುಪಾಸು, ಒಳಗೆ ಹೇಗೂ ಡಿಸಿಯೇ. 2018ರ ನಿಯಮದ 60 ವ್ಯಾಟಿನ ಸ್ವಿಚ್ಚು ತಂದರೆ ಎಲೆಗೆ 51 ಬೀಳುತ್ತದೆ. ನಡುವೆ 48ನ್ನು ಅದಕ್ಕೆ ಬೇಕಾದ ವೋಲ್ಟಿಗೆ ಇಳಿಸಲು ಒಂದು ಡಬ್ಬಿ.

"ಮಾಡುವ ಅಮ್ಮಾ," ಎಂದ ಹುಡುಗ, "ಆದ್ರೆ ಫ್ಯಾನಿನ ವಾರಂಟಿ ಹೋಗ್ತದೆ."

"ನಂಗೆ ಎಂಬತ್ತನಾಲ್ಕು," ಎಂದರು ಅಮ್ಮ. "ನಂಗೆಂತ ವಾರಂಟಿ ಉಂಟಾ? ನಾಳೆ ಬೆಳಗ್ಗೆ ಬಾ. ನಂತೂರಿನಿಂದ ಬರ್ಬೇಡ, ಕುಂಟಿಕಾನದಿಂದ ಬಾ."