ಹಳದಿ ಓಣಿಯಿಂದ ಒಂದು ಬಿನ್ನಹ

ಮಹಾರಾಜಶ್ರೀ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಅವರ ಸನ್ನಿಧಾನಕ್ಕೆ,

ನಾಯಂಡಹಳ್ಳಿಯ ಬಾಡಿಗೆದಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಮೂಗು ಮುಚ್ಚಿಕೊಂಡು ಕ್ಷೇಮ.

2007ರಲ್ಲಿ ಮಂಜೂರಾಗಿ, 2015ರವರೆಗೆ ಇರುತ್ತೇನೆಂದು ಬಂದ ತಾವು ಇನ್ನೂ ಹೊರಟಿಲ್ಲ. 2031ರ ಹೆಸರಿನ ಹೊಸ ಪ್ಲಾನ್‌ನವರು ಬಾಗಿಲವರೆಗೆ ಬಂದಿದ್ದರು. 2020ರಲ್ಲಿ ಅವರನ್ನು ಹಿಂದಕ್ಕೆ ಕಳಿಸಲಾಯಿತು. ತಮ್ಮ ಸೇವಾಭಾಗ್ಯ ನಮಗೇ ಉಳಿಯಿತು.

ತಮ್ಮ ಹಾಳೆಯಲ್ಲಿ ಮನೆಗೆ ಹಳದಿ, ಕಾರ್ಖಾನೆಗೆ ನೇರಳೆ. ಎಂಥ ಅಚ್ಚುಕಟ್ಟು! ಆದರೆ ಊರೊಳಗೆ ಬಿನ್ನಿ ಮಿಲ್ಲಿನ ಜಾಗ ಅಪಾರ್ಟ್‌ಮೆಂಟಾಯಿತು, ರಾಜಾ ಮಿಲ್ಲಿನದು ಮಾಲ್ ಆಯಿತು. ಭೂಮಿಗೆ ಈ ಬೆಲೆ ಬಂದ ಮೇಲೆ ಎರಡು ತೊಟ್ಟಿಯ ಎಲೆಕ್ಟ್ರೋಪ್ಲೇಟಿಂಗಿನವನು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹಿಡಿಯುತ್ತಾನೆಯೇ? ನಮ್ಮ ಓಣಿಗೇ ಬಂದ. ಮಹಡಿಯಲ್ಲಿ ಬಾಣಂತಿ, ಕೆಳಗೆ ಆಸಿಡ್. ಕಚೇರಿಯೊಂದಕ್ಕೆ ದೂರು ಒಯ್ದೆ. ಅಲ್ಲಿನವರು ತಮ್ಮನ್ನು ಬಿಚ್ಚಿ ಹರಡಿ, ಬೆರಳಿಟ್ಟು ತೋರಿಸಿದರು: “ಇದು ವಸತಿ ಪ್ರದೇಶ. ಇಲ್ಲಿ ಫ್ಯಾಕ್ಟರಿ ಹೇಗಿರುತ್ತೆ ಸ್ವಾಮಿ?” ತಮ್ಮ ಮಹಿಮೆಗೆ ಅಂದೇ ಶರಣಾದೆ. ತಾವು ಬಣ್ಣ ಬಳಿಯದಿದ್ದರೆ ವಾಸನೆಯೂ ಇಲ್ಲ.

ಆ ಪ್ಲೇಟಿಂಗಿನವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಂಥ ಹತ್ತಾರು ಜನ ಒಂದೆಡೆ ಇದ್ದರೆ ಎಲ್ಲರೂ ಸೇರಿ ಒಂದು ಶುದ್ಧೀಕರಣ ಘಟಕ ಕಟ್ಟಬಹುದು. ಓಣಿಗೊಬ್ಬರಂತೆ ಚದುರಿದವರಿಗೆ ಇರುವುದು ಮನೆಯ ಚರಂಡಿಯೊಂದೇ. ಮೈಸೂರು ರಸ್ತೆಯ ಕೊಳಚೆ ಘಟಕದ ಬ್ಯಾಕ್ಟೀರಿಯಾಗಳು ಕಕ್ಕಸಿನ ನೀರನ್ನು ತಿಂದು ತಿಳಿ ಮಾಡಿಯಾವು. ಪ್ಲೇಟಿಂಗಿನ ಕ್ರೋಮಿಯಂ, ನಿಕಲ್ ಅರಗಿಸಿಕೊಳ್ಳುವ ಕೆಲಸಕ್ಕೆ ಅವುಗಳನ್ನು ಯಾರೂ ನೇಮಿಸಿಕೊಂಡಿಲ್ಲ. ಉಳಿದದ್ದು ವೃಷಭಾವತಿ ನದಿಗೆ, ಅಲ್ಲಿಂದ ಬಿಡದಿಯ ಪಕ್ಕದ ಬೈರಮಂಗಲ ಕೆರೆಗೆ, ಕೆರೆಯಿಂದ ರೈತರ ಹೊಲಕ್ಕೆ. ಆ ಬೆಳೆ ಸೊಪ್ಪು ತರಕಾರಿಯಾಗಿ ಊರಿಗೇ ವಾಪಸು ಬಂದರೂ ಆಶ್ಚರ್ಯವಿಲ್ಲ. ತಮ್ಮ ಮೇರೆಯಾಚೆ ಹೋದ ನೀರು ತಮಗೆ ಸಂಬಂಧಿಸಿದ್ದಲ್ಲ ಎಂಬುದನ್ನು ಬಲ್ಲೆ.

ದೊಡ್ಡ ರಾಜಕಾಲುವೆಯ ನಡುಮಧ್ಯದಿಂದ 50 ಮೀಟರ್ ಬಿಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಆ ಔದಾರ್ಯಕ್ಕೆ ಕೃತಜ್ಞ. ಟೇಪು ಹಿಡಿದು ಅಳೆಯಹೋದರೆ ಯಾರದೋ ಗೋಡೆ ಅಡ್ಡ ಬರುತ್ತದೆ, ಅಷ್ಟೆ.

ಕೊನೆಯದಾಗಿ ಸಣ್ಣ ಬಿನ್ನಹ. ಒಮ್ಮೆ ಚಿತ್ತೈಸಿ ಬಿಜಯಂಗೈಯಬೇಕು. 2021ರಿಂದ ನಮಗೂ ಮೆಟ್ರೋ ನಿಲ್ದಾಣವಿದೆ. ನಮ್ಮ ಓಣಿಗೆ ತಾವು ಕೊಡದ ನೇರಳೆಯನ್ನು ಮೆಟ್ರೋದವರು ಮಾರ್ಗಕ್ಕೇ ಕೊಟ್ಟಿದ್ದಾರೆ. ಇಳಿದು ಮೋರಿಯ ಹತ್ತಿರ ನಿಲ್ಲಿ. ತಾವು ನದಿಗೆ ಬಳಿದ ನೀಲಿ ಎಲ್ಲಿದೆ ಎಂದು ತೋರಿಸಿಕೊಟ್ಟರೆ ಮಹದುಪಕಾರ. ಕರವಸ್ತ್ರ ಮರೆಯಬೇಡಿ.

ಇಂತಿ ತಮ್ಮ ವಿಧೇಯ,
ಆಸಿಡ್ ತೊಟ್ಟಿಯ ಮೇಲ್ಮನೆಯವನು