ಕಾಪಿ-ಪೇಸ್ಟ್ ಮೀಮಾಂಸೆ: ಅಕ್ಕಲಕೋಟೆ–ಸೊಲ್ಲಾಪುರ ಪ್ರಾಂತ್ಯಕ್ಕೆ ವಿಶೇಷವಾಗಿ ಅನ್ವಯಿಸಿ

ಮಂಗಲಾಚರಣೆ

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಕೂತು ಕಟ್, ಕಾಪಿ, ಪೇಸ್ಟ್ ಎಂಬ ಸೂತ್ರತ್ರಯವನ್ನು ಲೋಕಕ್ಕೆ ದಯಪಾಲಿಸಿದ ಲ್ಯಾರಿ ಟೆಸ್ಲರ್ ಮಹಾಶಯರಿಗೆ ಮೊದಲ ನಮಸ್ಕಾರ. 2020ರಲ್ಲಿ ಅವರು ತೀರಿಕೊಂಡರು, ಸೂತ್ರ ಉಳಿಯಿತು. ಸೂತ್ರಕಾರರು ಹೋದಮೇಲೆ ಭಾಷ್ಯಕಾರರು ಹುಟ್ಟಿಕೊಳ್ಳುವುದು ನಮ್ಮಲ್ಲಿ ಸಂಪ್ರದಾಯ. ಆದ್ದರಿಂದ ಈ ಭಾಷ್ಯ.

ವಿಷಯ ನಿರ್ದೇಶ

ಅಕ್ಕಲಕೋಟೆಯ ಮನೆಯೊಂದರಲ್ಲಿ ಲ್ಯಾಪ್‌ಟಾಪ್. 40 ಕಿಲೋಮೀಟರಿನ ಒಳಗೆ, ಸೊಲ್ಲಾಪುರದ ಅಕ್ಕಲಕೋಟ ರೋಡ್ ಎಂಐಡಿಸಿಯ ಟವೆಲ್ ಕಾರ್ಖಾನೆಯಲ್ಲಿ ಸರ್ವರ್. ಮನೆಯಲ್ಲಿ ಕೂತ ಹುಡುಗ ರಿಮೋಟ್ ಡೆಸ್ಕ್‌ಟಾಪ್ ತೆರೆದು ಅಲ್ಲಿ ಬಿಲ್ ಮಾಡುತ್ತಾನೆ. ದೇಹ ಇಲ್ಲಿ, ಕರ್ಮ ಅಲ್ಲಿ. ಇಲ್ಲಿಯ ಮೇಲ್‌ಗೆ ಬಂದ ಗಿರಾಕಿಯ ಜಿಎಸ್‌ಟಿ ನಂಬರನ್ನು ಕಾಪಿ ಮಾಡಿ ಅಲ್ಲಿಯ ಬಿಲ್ಲಿನಲ್ಲಿ ಪೇಸ್ಟ್ ಮಾಡಿದರೆ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ, ಒಮ್ಮೆ ಬೇರೆಯೇ ಏನೋ ಬೀಳುತ್ತದೆ. ಹೀಗೇಕೆ ಎಂಬುದೇ ಜಿಜ್ಞಾಸೆ.

ಪೂರ್ವಪಕ್ಷ

ಈ ಬಗ್ಗೆ ಮೂರು ಮತಗಳಿವೆ. ಏಕಪ್ರಹಾರಿಗಳು ಕಂಟ್ರೋಲ್-ಸಿಯನ್ನು ಒಂದೇ ಸಲ ಒತ್ತಿ ನಂಬಿ ಕೂರುವವರು. ಇವರ ಶ್ರದ್ಧೆ ದೊಡ್ಡದು, ಸಂಬಳ ಚಿಕ್ಕದು. ಬಹುಪ್ರಹಾರಿಗಳು ಸೊಲ್ಲಾಪುರದ ಮಗ್ಗದಂತೆ ಟಕಟಕ ಬಡಿಯುತ್ತ, ಬಡಿದಷ್ಟೂ ಅಕ್ಷರ ಗಟ್ಟಿಯಾಗುತ್ತದೆ ಎಂದು ವಾದಿಸುವವರು. ಮೂರನೆಯವರು ಸಂನ್ಯಾಸಿಗಳು, ಕ್ಲಿಪ್‌ಬೋರ್ಡಿನ ಮೇಲೆ ವೈರಾಗ್ಯ ಹುಟ್ಟಿ, ನಂಬರನ್ನು ಚೀಟಿಯ ಮೇಲೆ ಬರೆದುಕೊಂಡು ಕೈಯಾರೆ ಟೈಪ್ ಮಾಡುತ್ತಾರೆ. ಆದರೆ 15 ಅಕ್ಷರಗಳಲ್ಲಿ ಸೊನ್ನೆ ಯಾವುದು, ‘ಓ’ ಯಾವುದು ಎಂಬ ಮಾಯೆ ಅವರನ್ನು ಮತ್ತೆ ಸಂಸಾರಕ್ಕೆ ಎಳೆಯುತ್ತದೆ.

ಸಿದ್ಧಾಂತ

ಕಾಪಿ ಒತ್ತಿದಾಗ ಅಕ್ಷರ ಊರು ಬಿಟ್ಟು ಕದಲುವುದೇ ಇಲ್ಲ. ‘ನಮ್ಮಲ್ಲಿ ಸರಕಿದೆ, ಇಂಥ ನಮೂನೆಯದು’ ಎಂಬ ಸುದ್ದಿಯಷ್ಟೇ ಆಚೆಗೆ ಹೋಗುತ್ತದೆ. ಅಲ್ಲಿ ಪೇಸ್ಟ್ ಒತ್ತಿದಾಗ ಆಚೆಯ ಯಂತ್ರ ‘ಹಾಗಿದ್ದರೆ ಕಳಿಸಿ’ ಎನ್ನುತ್ತದೆ. ಸರಕು ಹೊರಡುವುದು ಆಗ. ಈ ವ್ಯವಹಾರ ನೋಡಿಕೊಳ್ಳುವ ಓಲೆಕಾರನ ಹೆಸರು ಆರ್‌ಡಿಪಿಕ್ಲಿಪ್. ವಾಸ, ಸೊಲ್ಲಾಪುರದ ಸರ್ವರ್. ಅವನು ತೂಕಡಿಸಿದರೆ ಅಕ್ಕಲಕೋಟೆಯಲ್ಲಿ ಎಷ್ಟು ಬಡಿದರೂ ಅಷ್ಟೇ.

ಶಾಸನತಜ್ಞರು ಇದನ್ನು ಒಪ್ಪಲಾರರು. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಸಂಪಾದಿಸಿದ್ದಾರೆ. ಅವರ ಶಾಸ್ತ್ರದಲ್ಲಿ ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿದರೆ ಪಡಿಯಚ್ಚು ಸಿದ್ಧ. ಸುತ್ತಿ ಬಗಲಲ್ಲಿಟ್ಟುಕೊಂಡು ಧಾರವಾಡಕ್ಕೆ ಹೋದರೆ ಅಕ್ಷರವೂ ಧಾರವಾಡ ಮುಟ್ಟಿತು. ಗಣಕದ ಪದ್ಧತಿಯಲ್ಲಾದರೆ ಬರಿಗೈಯಲ್ಲಿ ಹೋಗಿ, ‘ಸೊಲ್ಲಾಪುರದಲ್ಲಿ ಒಂದು ಕಲ್ಲಿದೆ’ ಎಂದು ಹೇಳಿ ಕೂರಬೇಕು. ವಿದ್ವಾಂಸರು ಕನ್ನಡಕ ಹಾಕಿಕೊಂಡ ಮೇಲೆ ಕಲ್ಲಿಗೆ ಫೋನ್ ಮಾಡಬೇಕು.

ಗಡಿ ಪ್ರಕರಣ

ಪೇಸ್ಟ್ ಒತ್ತಿದಾಗ ಏನೂ ಬೀಳದಿದ್ದರೆ ಕ್ಷೇಮ. ಹಳೆಯದು ಬಿದ್ದರೆ ಅಪಾಯ. ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ ರಾಜ್ಯದ ಗುರುತು: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ವಿಜಯಪುರದ ಗಿರಾಕಿಯ 29ರ ನಂಬರ್ ಹಾಕಲು ಹೋದಾಗ, ಬೆಳಿಗ್ಗೆ ಬಿಲ್ ಮಾಡಿದ್ದ ಪಂಢರಪುರದ ಗಿರಾಕಿಯ 27 ಬಿತ್ತೆನ್ನಿ. ಹೊರರಾಜ್ಯದ ತೆರಿಗೆ ಐಜಿಎಸ್‌ಟಿ ಹೋಗಿ ಒಳರಾಜ್ಯದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಂದು ಕೂರುತ್ತವೆ. ಭೀಮಾ ನದಿ ಇದ್ದಲ್ಲೇ ಇರುತ್ತದೆ, ವಿಜಯಪುರ ಮಾತ್ರ ಅರೆಕ್ಷಣದಲ್ಲಿ ಮಹಾರಾಷ್ಟ್ರ ಸೇರಿಬಿಡುತ್ತದೆ.

ಇಷ್ಟು ಚುರುಕು ಕರ್ನಾಟಕ–ಮಹಾರಾಷ್ಟ್ರ ಗಡಿವಿವಾದದ ಮಹಾಜನ ಆಯೋಗಕ್ಕೂ ಇರಲಿಲ್ಲ. 1966ರಲ್ಲಿ ನೇಮಕವಾಗಿ, 1967ರಲ್ಲಿ ವರದಿ ಕೊಟ್ಟು, ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಎಂದಿತು. ಮೇಲಿನ ಸಿದ್ಧಾಂತವನ್ನು ಅನ್ವಯಿಸಿದರೆ ಆ ವರದಿಯ ಸ್ಥಿತಿ ಸ್ಪಷ್ಟ: ಕಾಪಿ ಆಗಿದೆ, ಸುದ್ದಿಯೂ ಮುಟ್ಟಿದೆ, ಪೇಸ್ಟ್ ಒತ್ತಿದವರಿಲ್ಲ.

ಶಾಪಾಶಯ

ಮಾಹಿತಿ ಸೋರೀತೆಂಬ ಭಯದಿಂದ ಕೆಲವು ಕಚೇರಿಗಳು ಎರಡು ಯಂತ್ರಗಳ ನಡುವಿನ ಕ್ಲಿಪ್‌ಬೋರ್ಡನ್ನೇ ಬಂದ್ ಮಾಡಿರುತ್ತವೆ. ಶಾಸನ ಬರೆಸುತ್ತಿದ್ದ ಹಿಂದಿನವರು ಸಜ್ಜನರು; ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ತಟ್ಟಲಿ ಎಂದು ಕಲ್ಲಿನ ಮೇಲೇ ಕೊರೆದು ಎಚ್ಚರಿಸುತ್ತಿದ್ದರು. ಐಟಿ ವಿಭಾಗದವರು ಶಾಪ ಹಾಕುತ್ತಾರೆ, ಬರೆದಿಡುವುದಿಲ್ಲ.

ಪ್ರಾಯಶ್ಚಿತ್ತ

ಶಾಪವಿಲ್ಲದೆಯೂ ಕೆಲಸ ಕೆಟ್ಟಾಗ ಮಾಡಬೇಕಾದ ವಿಧಿ ಗುರುಶಿಷ್ಯ ಸಂವಾದ ರೂಪದಲ್ಲಿ ಲಭ್ಯ:

“ಕಾಕಾ, ಕಾಪಿ ಆಗತದ, ಪೇಸ್ಟ್ ಆಗವಲ್ದು.”

“ಕನೆಕ್ಟ್ ಮಾಡೂ ಮೊದಲ ಲೋಕಲ್ ರಿಸೋರ್ಸಸ್‌ನಾಗ ಕ್ಲಿಪ್‌ಬೋರ್ಡಿಗೆ ಟಿಕ್ ಇತ್ತೇನು?”

“ಇತ್ತರೀ.”

“ಹಂಗಾರ ಟಾಸ್ಕ್ ಮ್ಯಾನೇಜರ್ ತಗಿ. ನಿಂದಲ್ಲೋ ಮಾರಾಯಾ, ಸರ್ವರ್‌ದು! ಆರ್‌ಡಿಪಿಕ್ಲಿಪ್ ಅಂತ ಅದ ನೋಡು, ಅದನ್ನ ಎಂಡ್ ಮಾಡು. ಆಮ್ಯಾಲ ರನ್‌ದಾಗ ಅದೇ ಹೆಸರ ಹೊಡದು ಎಂಟರ್ ಒತ್ತು.”

“ಬಿತ್ತ ನೋಡ್ರಿ ಕಾಕಾ!”

“27 ಬಿತ್ತೋ, 29 ಬಿತ್ತೋ? ಮೊದಲ ಅದನ್ನ ನೋಡು.”

ಓಲೆಕಾರನನ್ನು ಕೊಂದು ಅದೇ ಹೆಸರಿನಲ್ಲಿ ಮತ್ತೆ ಹುಟ್ಟಿಸುವ ಈ ವಿಧಿಯಲ್ಲಿ ಪಾಪವಿಲ್ಲ. ಪಾಪವಿರುವುದು ಸೊಲ್ಲಾಪುರದಲ್ಲಿ ಕಾಪಿ ಮಾಡಿ, ಅಕ್ಕಲಕೋಟೆಯಲ್ಲಿ ಪೇಸ್ಟ್ ಮಾಡುವ ಮೊದಲೇ ರಿಮೋಟ್ ಕಿಟಕಿ ಮುಚ್ಚುವವರಿಗೆ. ಕೇಳಿದಾಗ ಕಳಿಸಬೇಕಾದವನನ್ನೇ ಅವರು ಕಳೆದುಕೊಂಡಿರುತ್ತಾರೆ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಮೊದಲ ಒತ್ತಿಗೇ ಪೇಸ್ಟ್ ಪ್ರಾಪ್ತಿ. ಕೇಳಿದವರಿಗೆ ಎರಡನೆಯ ಒತ್ತಿಗೆ. ಇದನ್ನೇ ಕಾಪಿ ಮಾಡಿ ತಮ್ಮ ಹೆಸರಿನಲ್ಲಿ ಪೇಸ್ಟ್ ಮಾಡಿದವರಿಗೆ ಪಿಎಚ್.ಡಿ.